ಬಿಸಿಗಾಳಿ

ಕಡಲತೀರದಲ್ಲಿ ನಿಂತಿದ್ದ ಬಾಡಿಗೆಯ ಕ್ಯಾರವಾನ್ ಮಧ್ಯಾಹ್ನದ ಹೊತ್ತಿಗೆ ಕಾದ ಹಂಡೆಯಾಗಿತ್ತು. ಹೊರಗೂ ಒಂದೆಲೆ ಅಲುಗುತ್ತಿರಲಿಲ್ಲ. ಒಳಗೆ ತುಂಬು ಬಸುರಿ ಹೆಂಡತಿ ಬೆವರಲ್ಲಿ ತೊಯ್ದು ಏದುಸಿರು ಬಿಡುತ್ತಿದ್ದಳು. ಅವನು ಎ.ಸಿ.ಯ ಫಿಲ್ಟರ್ ತೊಳೆದ, ಫ್ಯೂಸ್ ಬದಲಿಸಿದ, ಕೊನೆಗೆ ಮೆಕ್ಯಾನಿಕ್‌ಗೆ ಫೋನ್ ಮಾಡಿ ಅಂಗಲಾಚಿದ.

"ನಿನ್ನೆ ಚೆನ್ನಾಗೇ ಇತ್ತಣ್ಣ! ಹೇಗಾದ್ರೂ ಮಾಡಿ ಬನ್ನಿ, ಇವಳಿಗೆ ತಲೆ ಸುತ್ತುತ್ತಿದೆ."

"ಸಂಜೆವರೆಗೂ ಆಗಲ್ಲ ಸಾರ್. ಛಾವಣಿ ಮೇಲೊಂದು ಪೆಟ್ಟಿಗೆ ಇದೆಯಲ್ಲ, ಅದರಿಂದ ಬಿಸಿಗಾಳಿ ಹೊರಗೆ ಹೋಗದಿದ್ರೆ ಒಳಗೆ ತಣ್ಣಗಾಗಲ್ಲ. ಸರಿಯಾಗಿ ಬರ್ತಿದೆಯಾ ನೋಡಿ."

ಫೋನಿನ ಮಾತು ಕೇಳಿಸಿಕೊಂಡ ಅತ್ತೆ, ಮಗಳಿಗೆ ಬೀಸುತ್ತಿದ್ದ ಬೀಸಣಿಗೆ ನಿಲ್ಲಿಸಿದರು.

"ಚೆನ್ನಾಗೇ ಬರುತ್ತೆ ಅಳಿಯಂದ್ರೇ. ಅದಕ್ಕೇ ಬೆಳಿಗ್ಗೆ ಏಣಿ ಹತ್ತಿ, ಅದರ ಮೇಲೇ ಚಾಪೆ ಹಾಸಿ, ಇವಳು ಆಸೆಪಟ್ಟ ಹಲಸಿನ ಹಪ್ಪಳ ಒಣಹಾಕಿದ್ದೀನಿ."