ಒಂದು ಮೈಯಷ್ಟು ಜಾಗ

“ನಿದ್ದೀನೂ ಬುಕ್ ಮಾಡೂದು ಯಾವ ಕಾಲದಾಗಿತ್ತು?” ಎಂದು ನೀಲಗಂಗಾ ಯಾರನ್ನೂ ನೋಡದೆ ಕೇಳಿದಳು.

ಕೆಳಗಿನ ಬಯಲುಸೀಮೆಯ ಊರುಗಳಲ್ಲಿ ಯಾರಿಗೂ ನಿದ್ದೆ ಬಾರದಂತಾದ ಮೇಲೆ ಜನ ಮಲಗಲು ಈ ಗುಡ್ಡಕ್ಕೇ ಬರುತ್ತಾರೆ. ಬೇಲಿಯಾಚೆ ಮುಂಗಡ ಕಾಯ್ದಿರಿಸಿದವರ ಡೇರೆಗಳು, ಈಚೆ ಮೊದಲು ಬಂದವರ ನೆಲ. ಇಲ್ಲಿ ಬಸ್ಸಿನ ಸೀಟಿನಂತೆ ಟವೆಲ್ ಹಾಕಿದರೆ ನಡೆಯದು. ಮೈ ನೆಲಕ್ಕೆ ತಾಗಿರಬೇಕು, ಎದ್ದರೆ ಜಾಗ ಹೋಯಿತು. ಒಂದು ಜಾಗಕ್ಕೆ ಒಬ್ಬರೇ.

ಹೆರಿಗೆಯಾದಾಗಿನಿಂದ ಕಣ್ಣು ಮುಚ್ಚದ ತಂಗಿ ಶಾಂಭವಿಗಾಗಿ ಅವಳು ಬೆಳಿಗ್ಗೆಯಿಂದ ಜಾಗ ಹಿಡಿದು ಕೂತಿದ್ದಳು. ರೆಪ್ಪೆ ಎಳೆದಾಗಲೆಲ್ಲ, ತಾನೇ ನಿದ್ದೆಹೋಗದಂತೆ, ಅಪ್ಪ ಬಾಯಿಪಾಠ ಮಾಡಿಸಿದ್ದ ಷಟ್ಪದಿಯನ್ನು ಹೇಳಿಕೊಳ್ಳುತ್ತಿದ್ದಳು.

ಬೇಲಿಯಾಚೆಯ ಮುದುಕ ಲೋಟ ಎತ್ತಿ ತೋರಿಸಿದ. “ಬಾರವ್ವಾ, ಒಂದ್ ಗುಟುಕು ಚಹಾ ಕುಡಿ.”

“ಎಬ್ಬಿಸೂ ಚಹಾ ನಮಗ ಬ್ಯಾಡ್ರಿ, ಯಜಮಾನ್ರ. ನೀವ ಕುಡೀರಿ.”

ಹಿಂದೆ ಯಾರೋ “ಹಾವು!” ಎಂದು ಕೂಗಿದರು. ಹೌಹಾರಿ ಎದ್ದವರ ಜಾಗದಲ್ಲಿ ಆಗಲೇ ಬೇರೆಯವರು ಮಲಗಿದ್ದರು. ನೀಲಗಂಗಾ ಕಾಲು ಮಡಚಿಕೊಂಡಳು, ಅಷ್ಟೇ. ಪಕ್ಕದವಳ ಕೆಮ್ಮೂ ಹುನ್ನಾರದಂತೆ ಕೇಳಿಸುತ್ತಿತ್ತು.

ಮಧ್ಯಾಹ್ನ ಕೂಸನ್ನೆತ್ತಿಕೊಂಡು ಶಾಂಭವಿ ಏದುಸಿರು ಬಿಡುತ್ತ ಹತ್ತಿ ಬಂದಳು.

“ಏಳಕ್ಕಾ, ನಿಂತಲ್ಲೇ ಬೀಳ್ತೀನಿ ಅನಸ್ತದ.”

ನೀಲಗಂಗಾ ತಂಗಿಯ ಮುಖವನ್ನು ದಿಟ್ಟಿಸಿದಳು. ಕಣ್ಣು ಅಷ್ಟೇನೂ ಕೆಂಪಾಗಿಲ್ಲವಲ್ಲ? ಇವಳು ಬರುವ ದಾರಿಯಲ್ಲೇ ಎಲ್ಲೋ ಒಂದು ನಿದ್ದೆ ತೆಗೆದಿರಬೇಕು. ಇಲ್ಲದಿದ್ದರೆ ಇಷ್ಟು ತಡವೇಕೆ?

“ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ಏಳ.”

ನೀಲಗಂಗಾ ಮೆಲ್ಲನೆ ನೆಲಕ್ಕೆ ಬೆನ್ನು ಚಾಚಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

“ಏಳೂದಿಲ್ಲ,” ಎಂದಳು.