ಗುಬ್ಬಚ್ಚಿಯ ಹೊಟ್ಟೆ

ಆ ಸಂಜೆಯ ಪಾಠಕ್ಕೆ ಒಂದು ತುಂಡು ಲೈನಿಂಗ್ ಬಟ್ಟೆ, ಒಂದಿಷ್ಟು ದಾರ ಖರ್ಚಾಗಿತ್ತು. ಟೈಲರ್ ಅತ್ತೆಯ ತಾಳ್ಮೆ ಮಾತ್ರ ಇನ್ನೂ ಉಳಿದಿತ್ತು. ಮರುದಿನ ತರಗತಿಯಲ್ಲಿ ಎದ್ದು ನಿಂತು ಓದಬೇಕಾದ ಅಣ್ಣನ ಮಗಳು, ಉದ್ದನೆಯ ಪದ ಬಂದರೆ ನಡುವಿನ ಸದ್ದನ್ನೇ ನುಂಗುತ್ತಿದ್ದಳು.

“ಪುಸ್ತಕ ಮುಚ್ಚಿಡು ಪುಟ್ಟಿ. ಕಿವಿಗೆ ಬಿದ್ದ ಒಂದೊಂದು ಸದ್ದಿಗೂ ಒಂದೊಂದು ಹೊಲಿಗೆ ಹಾಕು. ಗುಬ್ಬಚ್ಚಿ.”

ಹುಡುಗಿ ಮಿಷನ್ನಿನ ಚಕ್ರ ತಿರುಗಿಸಿದಳು. “ಗು... ಚ್ಚಿ.” ಎರಡೇ ಹೊಲಿಗೆ.

“ಹೊಟ್ಟೆ ಎಲ್ಲಿ ಹೋಯ್ತೇ? ತಲೆಗೇ ಬಾಲ ಹೊಲಿದಿದ್ದೀಯಲ್ಲ.”

ಹುಡುಗಿ ಕಿಸಕ್ಕನೆ ನಕ್ಕು, ಕಣ್ಣು ಮುಚ್ಚಿ ಮತ್ತೆ ತಿರುಗಿಸಿದಳು. “ಗು. ಬ್ಬ. ಚ್ಚಿ.” ನಡುವಿನ ಹೊಲಿಗೆಯನ್ನು ಬೆರಳಿನಿಂದ ಸವರಿ, “ಹೊಟ್ಟೆ ಸಿಕ್ತು ಅತ್ತೆ” ಎಂದಳು. ಆಮೇಲೆ ಯಾರೂ ಹೇಳದೆಯೇ ಪುಸ್ತಕ ತೆರೆದು, ಮೊದಲ ಸಾಲನ್ನು ಒಂದು ಸದ್ದೂ ನುಂಗದೆ ಓದಿದಳು. ಬಟ್ಟೆ ಹೋಯಿತು, ಓದು ಬಂತು.