ಬಾಯಿ ತೆರೆದಾಗ

"ಬಾಯಿ ತೆಗೀರಿ ತಾತಾ," ಎನ್ನುತ್ತ ಆರೈಕೆ ಕೇಂದ್ರದ ನರ್ಸ್ ಗಲಾಟೆ ಅಡಗಿಸುವ ಮಾತ್ರೆ ಹಿಡಿದಳು. ಮರೆವಿನ ಕಾಯಿಲೆಯ ಮುದುಕರು ತುಟಿ ಬಿಗಿದು ಮಗಳತ್ತ ನೋಡಿದರು. ಕಳೆದ ವಾರ ಅರ್ಧ ಮಾತ್ರೆಗೇ ಅಪ್ಪ ಜೊಲ್ಲು ಸುರಿಸುತ್ತ ಗೋಡೆ ನೋಡಿಕೊಂಡು ಕೂತುಬಿಟ್ಟಿದ್ದರು.

"ಇವತ್ತು ಪೂರ್ತಿ ಕೊಡಲೇಬೇಕಾ ಸಿಸ್ಟರ್?"

"ಊಟದ ತಟ್ಟೆ ಕಂಡ್ರೆ ಸಾಕು, ಕಿರುಚಿ ಎಸೀತಾರೆ ಕಣಕ್ಕಾ. ನಿನ್ನೆ ನನ್ನ ತಲೆಗೇ ಗಂಜಿ ಅಭಿಷೇಕ."

ಊಟದ ಹೊತ್ತಿಗೆ ಮಾತ್ರ ಯಾಕೆ? ಮಗಳು ಅಪ್ಪನ ಕೆನ್ನೆ ಸವರಿದಳು. ಎಡಗೆನ್ನೆ ಕೆಂಡದಂತೆ ಸುಡುತ್ತಿತ್ತು.

"ಅಪ್ಪಾ, ಹಲ್ಲು ನೋಯ್ತಿದೆಯಾ?"

ಅಪ್ಪ ಮಗಳ ಬೆರಳು ಹಿಡಿದು, ತಾವೇ ಬಾಯಿ ತೆರೆದು, ಊದಿದ ವಸಡಿನ ಮೇಲೆ ಇಟ್ಟುಕೊಂಡರು. ನರ್ಸ್ ಮಾತ್ರೆ ಹಿಡಿದು ಚಾಚಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು.